ಮೊದಲು ಗುಂಡಿ

ಆಂಟೆನಾ ತಂದ ದಿನ ಮೊಯ್ದು
ಮಾಳಿಗೆ ಕಡೆ ನೋಡಲೇ ಇಲ್ಲ.
"ಮೊದಲು ಗುಂಡಿ, ಅಕ್ಕ."

ನಾಪೋಕ್ಲಿನ ಕೆಂಪು ಮಣ್ಣಿಗೆ ಎಂಟಡಿ ತಾಮ್ರ,
ಇದ್ದಿಲು, ಎರಡು ಸೇರು ಕಲ್ಲುಪ್ಪು, ಕೊಡ ನೀರು.
ತಂತಿಯನ್ನು ಎಲ್ಲೂ ಮೊಣಕೈ ಮಡಿಸದೆ ಇಳಿಸಿದ:
"ಸಿಡಿಲಿಗೆ ತಿರುವು ಬರಲ್ಲ."

ಹೂಮಳೆ ಇನ್ನೂ ಬಾರದ ಇರುಳು.
ಮಾಲ್ದೀವಿನ ದೋಣಿ ಬಡಗಿಯೊಬ್ಬ ಮಗಳ ಹೆಸರನ್ನು
ಬಿಡಿಬಿಡಿಯಾಗಿ ಹೇಳುತ್ತಿದ್ದ: ಎನ್, ಎ, ಝಡ್—
ತಡಿಯಂಡಮೋಳ್ ಮೇಲೆ ಆಕಾಶ ಕೆಮ್ಮಿತು.

ಕೇಬಲ್ ಕಿತ್ತೆ. ಅದರ ಮೂತಿಯನ್ನು
ಉಪ್ಪಿನಕಾಯಿಯ ಖಾಲಿ ಗಾಜಿನ ಜಾಡಿಯೊಳಗೆ ಇಳಿಬಿಟ್ಟು
ಕತ್ತಲಲ್ಲಿ ಕೂತೆ.
ಒಮ್ಮೆ ಕಿಟಕಿಯ ಸರಳುಗಳೆಲ್ಲ ಬೆಳ್ಳಗಾದವು.

ಬೆಳಿಗ್ಗೆ ಮೊಯ್ದುವನ್ನು ಕೇಳಿದೆ:
ಝಡ್ ಆದಮೇಲೆ ಏನಿರಬಹುದು?
"ನಝೀಮಾ, ನಝ್ಲಾ, ನಝೀರಾ... ಎಷ್ಟೋ ಇರ್ತಾವೆ.
ಗುಂಡಿಗೆ ನೀರು ಹೊಯ್ದ್ರಾ?"