ಚೌಕ ೨೧೪

ನಕ್ಷೆಯ ಹಳದಿ ನಾನು ತುಂಬಿದ್ದು,
ಶಿರಾದ ಹಿಟ್ಟಿನ ಗಿರಣಿಯ ಮೇಲಿನ ರೂಮಿನಲ್ಲಿ ಕೂತು.
ಕೆಳಗೆ ರಾಗಿ ಬೀಸುವಾಗೆಲ್ಲ ಮೇಜು ನಡುಗಿ
ಗೆರೆ ಒಂದಿಷ್ಟು ಜಾರಿ
ಯಾರದೋ ಹೊಲ ಕೆರೆಯಂಗಳಕ್ಕೆ ಬೀಳುತ್ತಿತ್ತು,
ಎತ್ತಿ ಮತ್ತೆ ದಡಕ್ಕಿಡುತ್ತಿದ್ದೆ.
ಹಸಿರು ಅಂದರೆ ತೋಟ. ಕಂದು, ಬೆದ್ದಲು.
ನೀಲಿ, ನೀರಿದ್ದರೆ ನೀರು.
ಉಳಿದದ್ದೆಲ್ಲ ಹಳದಿ:
ಪಾಳುಭೂಮಿ.

ಜೀಪು ಓಡಿಸುವ ದಸ್ತಗೀರ್ ಭಾಯ್ ನಾಲಿಗೆಗೆ
ಳ ಒಗ್ಗುವುದಿಲ್ಲ.
'ಇವತ್ತು ಯಾವ ಪಾಲುಭೂಮಿ, ಮೇಡಂ?'
ಬೆಳಗಿನ ಜಾವ ಐದಕ್ಕೆ, ಗಾಜಿನ ಇಬ್ಬನಿ ಒರೆಸುತ್ತ.
ಮೊದಮೊದಲು ತಿದ್ದುತ್ತಿದ್ದೆ.

ಗಂಗಾಂಬಿಕೆ, ನಲ್ಲಿ ಬಂದ ದಿನ,
ಟೀ ಸೋಸುವ ಜರಡಿಯಲ್ಲಿ ತೋಳದ ಹಿಕ್ಕೆ ತೊಳೆಯುತ್ತಾಳೆ.
ಜರಡಿ ಬೇರೆಯದೇ. ಆದರೂ ನಮ್ಮಲ್ಲಿ ಯಾರೂ ಟೀ ಕುಡಿಯುವುದಿಲ್ಲ.
ಒಂದು ಕೂದಲನ್ನು ಕಿಟಕಿಯ ಬೆಳಕಿಗೆ ಹಿಡಿದು
ಮೊಲ, ಅನ್ನುತ್ತಾಳೆ. ಇನ್ನೊಂದು, ಕುರಿ.
ಕೊರಟಗೆರೆಯಿಂದ ಅವರಮ್ಮನ ಫೋನು:
ಗಂಡಿನ ಕಡೆಯವರು ಕೇಳ್ತಾರೆ, ಏನು ಕೆಲಸ ಅಂತ ಹೇಳ್ಲೇ?
'ಲ್ಯಾಬು ಅನ್ನಮ್ಮ, ಸಾಕು.'

ನನ್ನ ಲೆಕ್ಕ ಹೇಳುತ್ತದೆ:
ಚೌಕ ೨೧೪ರಲ್ಲಿ ತೋಳ ಇರುವ ಸಂಭವ
ನೂರಕ್ಕೆ ನಾಲ್ಕು.
ರಸ್ತೆ ಹತ್ತಿರ, ಕ್ರಷರ್ ಹತ್ತಿರ, ಮರ ಇಲ್ಲ.

ಆ ಚೌಕದಲ್ಲೇ ಜುಂಜಣ್ಣ, ಇನ್ನೂರು ಕುರಿ, ಒಂದು ಕಂಬಳಿ.
ನಮ್ಮ ವೋಚರಿನಲ್ಲಿ ಅವನು 'ಸ್ಥಳೀಯ ಸಹಾಯಕ'.
ಒಂದು ಸಂಜೆ ಲ್ಯಾಪ್‌ಟಾಪಿನ ಮೇಲೆ ಬೆರಳಿಟ್ಟ,
ಹಿಟ್ಟಿನ ಧೂಳಲ್ಲಿ ಬೆರಳ ಗುರುತು ಮೂಡಿತು.
'ಇದು ಗೋಮಾಳ. ಇದು ಈಚಲ ವನ,
ಈಚಲು ಹೋಯ್ತು ಹೆಸ್ರು ಐತೆ.
ಇಲ್ಲಿ ಬಂದರೆ ಗಿಡ, ಇಲ್ಲಿ ಕಾರೆ, ಗೌಜಲು ಮೊಟ್ಟೆ ಇಕ್ಕೋ ಜಾಗ.
ಇದು ನಮ್ಮ ದೇವರೆತ್ತು ಮೇಯೋ ಕಾವಲು.
ಎಲ್ಲಾದ್ಕೂ ಒಂದೇ ಬಣ್ಣ ಬಳ್ದಿದ್ದೀರಲ್ಲವ್ವ,
ಅರ್ಸಿಣ ಅಷ್ಟು ಅಗ್ಗ ಆಗೈತಾ?'

ಶಿವರಾತ್ರಿ ಕಳೆದ ವಾರ ಕರೆದುಕೊಂಡು ಹೋದ.
ಫೋನು, ಜಿಪಿಎಸ್ಸು, ಗಂಗಾಂಬಿಕೆಯ ಗಡಿಯಾರ ಕೂಡ
ಜೀಪಲ್ಲೇ ಬಿಡಿಸಿ.
ಕವಳಿ ಪೊದೆಯ ಹಿಂದೆ, ಬಂಡೆಯ ಸಂದಿನಲ್ಲಿ
ಐದು ಮರಿ.
ಒಂದು ಇನ್ನೊಂದರ ಕಿವಿ ಹಿಡಿದು ಎಳೆಯುತ್ತಿತ್ತು.
ತಾಯಿ ದಿಬ್ಬದ ಮೇಲೆ, ನಮ್ಮನ್ನು ಎಣಿಸಿ,
ಜುಂಜಣ್ಣನನ್ನು ಬಿಟ್ಟು ಎಣಿಸಿ,
ತಲೆ ಆ ಕಡೆಗೆ ತಿರುಗಿಸಿತು.
ವಾಪಸು ಬರುವಾಗ ಕೇಳಿದೆ:
ಹೋದ ವರ್ಷ ಎರಡು ಮರಿ ಹೋದವಲ್ಲ,
ಪರಿಹಾರಕ್ಕೆ ಅರ್ಜಿ ಹಾಕಲಿಲ್ಲವಾ?
'ಅದ್ರ ಪಾಲು ಅದು ತಗಂತು.
ಪಾಲು ತಗಂಡ್ರೆ ಯಾರಾದ್ರೂ ಅರ್ಜಿ ಹಾಕ್ತಾರಾ?'
ದಸ್ತಗೀರ್ ಭಾಯ್ ಗೇರು ಬದಲಿಸಿದರು,
ಕನ್ನಡಿಯಲ್ಲಿ ನನ್ನನ್ನು ನೋಡಲಿಲ್ಲ.

ಮೂರು ದಿನ ಜಗಳ.
ಚುಕ್ಕಿ ಇಟ್ಟರೆ ಲೆಕ್ಕ ಕೂಡುತ್ತದೆ,
ಕ್ಯಾಮೆರಾ ಹೊತ್ತವರು ಬರುತ್ತಾರೆ,
ಅವರ ಹಿಂದೆ, ಬಿಲದ ಬಾಯಿಗೆ ಹೊಗೆ ಹಾಕುವವರು.
ಇಡದಿದ್ದರೆ ಖರಾಬು ಅಂತ ಬರೆದು
ಬಂಡೆಯ ಸಮೇತ ಕ್ರಷರಿಗೆ.
ಗಂಗಾಂಬಿಕೆ, ಇಡೋಣ. ನಾನು, ಬೇಡ.
ಮಾರನೆಯ ದಿನ ನಾನು, ಇಡೋಣ. ಅವಳು ಜರಡಿ ಕುಕ್ಕಿ
ಬೇಡ ಅಂದರೆ ಬೇಡ.
ಜುಂಜಣ್ಣನನ್ನು ಕೇಳಿದರೆ
ಕುರಿ ಎಣಿಸುತ್ತಿದ್ದ, ನಡುವೆ ಮಾತಾಡಲಿಲ್ಲ.

ಚುಕ್ಕಿ ಇಡಲಿಲ್ಲ. ಮಾಹಿತಿ ಇಲ್ಲ, ಅಂತ ಬರೆದೆ.
ಬಣ್ಣಗಳ ಪಟ್ಟಿಯಲ್ಲಿ, ಹಳದಿಯ ಮುಂದೆ,
ಒಂದೇ ಒಂದು ಅಕ್ಷರ ಬದಲಿಸಿ
ಇಡೀ ತಾಲ್ಲೂಕಿನ ಹಾಳೆ ಪ್ರಿಂಟಿಗೆ ಕಳಿಸಿದೆ.

ಜಿಲ್ಲಾ ಕಚೇರಿಯಿಂದ ಫೋನು ಬಂತು.
ಮೇಡಂ, ಪಾಳು ಇರಬೇಕಾದ ಕಡೆ ಪಾಲು ಅಂತಿದೆ,
ಅಕ್ಷರ ತಪ್ಪು.
ಹೌದಾ ಸಾರ್, ಅಂದೆ.
ಕೆಳಗೆ ಗಿರಣಿ ನಡೀತಿತ್ತು.