ದಂಡದ ಡಬ್ಬಿ

ಜೋಸ್ ಪಟ್ಟಣದ ಹೊರಗೆ,
ಪಾಪಾಸುಕಳ್ಳಿಯ ಬೇಲಿ ಮುಗಿಯುವಲ್ಲಿ
ಒಂದು ತಗಡಿನ ಚಪ್ಪರ.
ಗುರುವಾರ ಮೂರು ಗಂಟೆಗೆ ಏಳು ಹೊಲಿಗೆ ಯಂತ್ರ,
ಏಳು ಹೆಂಗಸರು,
ಹಾಲಿನ ಪುಡಿಯದೊಂದು ಖಾಲಿ ಡಬ್ಬಿ.

ನಿಯಮ ಒಂದೇ, ಮಾಡಿದವಳು ಕನೆಂಗ್:
ಇಲ್ಲಿ ಯಾರೂ ಶಾಂತಿ ಅನ್ನಬಾರದು.
ಅಂದರೆ ಐವತ್ತು ನೈರಾ ದಂಡ.

‘ಹೋಟೆಲಿನ ಸಭೆಗಳಲ್ಲಿ ಆ ಮಾತನ್ನು
ಒಗೆದೂ ಒಗೆದೂ ಬಣ್ಣ ಬಿಟ್ಟಿದೆ’
ಎಂದಳು, ಹಲ್ಲಿನಲ್ಲಿ ದಾರ ಕಡಿಯುತ್ತ.
‘ಪಾದ್ರಿ, ಇಮಾಮ್ ಕೈ ಹಿಡಿದು ಫೋಟೋಕ್ಕೆ ನಿಂತರು.
ಊಟದ ಪೊಟ್ಟಣದಲ್ಲಿ ಕೋಳಿಕಾಲಿತ್ತು.
ಬೋರ್‌ವೆಲ್ಲಿನ ದಾರಿಗೆ ಅಡ್ಡ ಹಾಕಿದ ಕಲ್ಲುಗುಡ್ಡೆ
ಮಾರನೆಯ ದಿನವೂ ಅಲ್ಲೇ ಇತ್ತು.’

ಇದು ತವರ ಅಗೆದ ನೆಲ.
ಅಗೆಸಿದವರು ಹಡಗು ಹತ್ತಿದರು,
ಹೊಂಡಗಳಲ್ಲಿ ನೀಲಿ ನೀರು ನಿಂತಿತು,
ಮಕ್ಕಳು ಮುಳುಗುವಷ್ಟು ಉಂಟು, ಕುಡಿಯಲು ಬಾರದು.
ನನ್ನ ನುಡಿಯಲ್ಲಿ ತವರ, ತವರು,
ನಡುವೆ ಒಂದೇ ಒಂದು ಕೊಂಬು.
ಇಲ್ಲಿ ಆ ಕೊಂಬಿನಿಂದಲೇ ತಿವಿದುಕೊಂಡರು:
ಇದು ನನ್ನ ತವರು, ನೀನು ಬಂದವಳು.
ರಕಿಯಾಳ ಮುತ್ತಜ್ಜ ಗುದ್ದಲಿ ಹೊತ್ತು ಬಂದು
ನಾಲ್ಕು ತಲೆಮಾರಾಯಿತು.
ಐದನೆಯದು ಸಗೀರ್,
ಹತ್ತೊಂಬತ್ತಕ್ಕೆ ಮುಗಿಯಿತು.

ರಕಿಯಾ ಕಾಲರು ಹೊಲಿಯುತ್ತಾಳೆ. ಮಾತಿಲ್ಲ,
ಹದಿನಾಲ್ಕು ತಿಂಗಳಿಂದ.
ಆ ದಿನ ಕನೆಂಗಳ ತಮ್ಮ ದಾವೂ ರಸ್ತೆಯಲ್ಲಿದ್ದ.
ಕೈಯಲ್ಲೇನಿತ್ತೋ, ಯಾರೂ ಕೇಳಿಲ್ಲ.
ಅವಳೂ ಹೇಳಿಲ್ಲ.
ಎರಡು ಯಂತ್ರಗಳ ನಡುವೆ ಆ ಪ್ರಶ್ನೆ
ಗೋಣಿಚೀಲದ ಹಾಗೆ ಕೂತಿದೆ;
ಅದಕ್ಕೆ ಕಾಲು ತಾಗದಂತೆ ಇಬ್ಬರೂ ಪೆಡಲು ತುಳಿಯುತ್ತಾರೆ.

ಉಳಿದವರದು ಬಾಯಿಗೆ ಬಿಡುವಿಲ್ಲ.
‘ದೇವರಿಗೆ ಮಗ ಅಂದರೆ ಅದು ಹೇಗೇ?’ ಕೇಳುತ್ತಾಳೆ ತಲ್ಲೆ.
‘ನೀನಿಟ್ಟ ಕಿಸೆ ಸೊಟ್ಟಗಿದೆ, ಮೊದಲು ಅದನ್ನು ಬಿಚ್ಚು’
ಅನ್ನುತ್ತಾಳೆ ಕಚೊಲ್ಲೊಮ್.
ನಾಲ್ಕರ ಹೊತ್ತಿಗೆ ಮೂವರು ಚಾಪೆ ಹಾಸಿದರೆ
ನಾಲ್ವರು ಯಂತ್ರ ನಿಲ್ಲಿಸುತ್ತಾರೆ.
ಗೌರವ ಅಂದುಕೊಳ್ಳಬೇಡಿ,
ನೆಲಕ್ಕೆ ಬಿದ್ದ ಗುಂಡುಸೂಜಿ ಹುಡುಕಲು ಅದೇ ಸಮಯ.

ಫೆಬ್ರವರಿಯಲ್ಲಿ ಬಿಳಿ ಕಾರು ಬಂತು.
ಅತಿಥಿ ಇಪ್ಪತ್ತಮೂರು ನಿಮಿಷ ಮಾತಾಡಿದ.
ಮೂವತ್ತೊಂದು ಸಲ!
ಕಚೊಲ್ಲೊಮ್ ಬಟ್ಟೆಯ ಸೀಮೆಸುಣ್ಣದಲ್ಲಿ
ತಗಡಿಗೆ ಗೀಟು ಹಾಕಿ ಎಣಿಸಿದ್ದಳು.
ನಗುತ್ತ ಎರಡು ಸಾವಿರ ಕೊಟ್ಟ;
ನಾನೂರೈವತ್ತು ಚಿಲ್ಲರೆ ಎಣಿಸಿ ವಾಪಸು ಕೊಟ್ಟಳು.
‘ಇದೆಲ್ಲ ಯೇಸುವಿಗಾಗಿಯೇ?’ ಕೇಳಿದ.
‘ಗುಂಡಿಗಾಗಿ’ ಎಂದಳು ಕನೆಂಗ್,
‘ನಲವತ್ತು ಸಮವಸ್ತ್ರಕ್ಕೆ ಇನ್ನೂ ಗುಂಡಿ ಇಲ್ಲ.’
ನಸುಕಿನಲ್ಲಿ ಒಬ್ಬಳೇ ಮಂಡಿಯೂರಿ
ಏನು ಕೇಳಿಕೊಳ್ಳುತ್ತಾಳೋ, ಅದು ಅತಿಥಿಗಲ್ಲ.

ಡಬ್ಬಿಯ ದುಡ್ಡಿಗೆ ಪಂಪಿನ ವಾಷರು ಬಂತು.
ಕಲ್ಲುಗುಡ್ಡೆ? ಅದನ್ನು ಯಾರೂ ತೆಗೆಯಲಿಲ್ಲ.
ಪ್ರತಿ ಗುರುವಾರ ಮನೆಗೆ ಹೋಗುವಾಗ ಒಬ್ಬೊಬ್ಬಳು
ಒಂದೊಂದು ಕಲ್ಲು ಒಯ್ದಳು,
ಒಲೆಗೆ, ಬಾಗಿಲ ಆನಿಕೆಗೆ, ಕೋಳಿಗೂಡಿಗೆ.
ಪಂಪು ಮೊದಲು ಕೆಮ್ಮಿತು.
ಆಮೇಲೆ ಕೆಂಪು ನೀರು ಕಾರಿತು, ಬಹಳ ಹೊತ್ತು.
ಯಾರೂ ಕೊಡ ಎತ್ತಿಕೊಂಡು ಹಿಂದೆ ಹೋಗಲಿಲ್ಲ.

ಮರಳುಗಾಡಿನ ಧೂಳುಗಾಳಿ ಬೀಸುವ ತಿಂಗಳು,
ತುಟಿ ಒಡೆಯುವ ಚಳಿ.
ರಕಿಯಾ ಬಂದವಳೇ ಕೂರಲಿಲ್ಲ.
ತಲೆವಸ್ತ್ರದ ಗಂಟು ಬಿಚ್ಚಿ ಐವತ್ತರ ನೋಟು ತೆಗೆದು
ಡಬ್ಬಿಗೆ ಹಾಕಿದಳು.
‘ನೀನಿನ್ನೂ ಏನೂ ಅಂದಿಲ್ಲವಲ್ಲ’ ಎಂದಳು ತಲ್ಲೆ.

ರಕಿಯಾ ಕನೆಂಗಳತ್ತ ತಿರುಗಿದಳು.
‘ದಾವೂ ಕೈಯಲ್ಲಿ ಆವತ್ತು ಏನಿತ್ತು?’

ತಗಡಿನ ಮೇಲೆ ಧೂಳು ಸುರಿಯುವುದು ಕೇಳಿಸಿತು.
ಕಚೊಲ್ಲೊಮ್ ನೋಟನ್ನು ಹೊರತೆಗೆದು ಚಾಚಿದಳು:
‘ಈ ಮಾತಿಗೆ ದಂಡವಿಲ್ಲ ಅಕ್ಕ.’

‘ಇರಲಿ ಬಿಡು. ಆಮೇಲೆ ಬೇಕಾದೀತು.’

ಕನೆಂಗ್ ಪೆಡಲಿನಿಂದ ಕಾಲು ತೆಗೆದಳು.
ಚಕ್ರ ತನ್ನಷ್ಟಕ್ಕೆ
ಇನ್ನೂ ನಾಲ್ಕು ಸುತ್ತು ತಿರುಗಿತು.