ಲಕೋಟೆಯಲ್ಲಿ ತಂದ ಧೂಳು

ಇಪ್ಪತ್ತೆರಡು ವರ್ಷದಿಂದ ಮಾರುತ್ತಿದ್ದೇನೆ
ಡಂಡೀ ಊರಿನ ಈ ಇಳಿಜಾರು ಬೀದಿಯಲ್ಲಿ
ಧೂಳು ಹೀರುವ ಯಂತ್ರಗಳನ್ನು.
ಗಿರಾಕಿಯ ಬೂಟು ನೋಡಿ ಹೇಳಬಲ್ಲೆ
ಮನೆಯಲ್ಲಿ ಕಾರ್ಪೆಟ್ಟೋ, ಬರೀ ಹಲಗೆಯೋ.
ಹಾಗಂದುಕೊಂಡಿದ್ದೆ,
ಇಷ್ಬೆಲ್ ಪೆಟ್ರಿ ಬಾಗಿಲು ತಳ್ಳಿ ಬರುವ ತನಕ.

ಕೈಚೀಲದಿಂದ ಮೊದಲು ತೆಗೆದದ್ದು ಉಣ್ಣೆಯ ದಾರ.
ಮೂರು ಗಂಟು.
"ಮೊದಲ ಗಂಟು ನನ್ನ ಕಪಾಟಿನ ಅಗಲ,
ಎರಡನೆಯದು ಆಳ, ಮೂರನೆಯದು ಎತ್ತರ.
ಒಳಗೆ ಅದು ನಿಂತೇ ಇರಬೇಕು.
ಮಡಚುವುದು, ಕಳಚುವುದು ನನ್ನ ಕೈಲಾಗದು,
ಎಪ್ಪತ್ತೊಂಬತ್ತಕ್ಕೆ ನಾನೇ ಸಾಕಷ್ಟು ಮಡಚಿಕೊಂಡಿದ್ದೇನೆ."

ಚೀಟಿಯ ಮೇಲಿನ ಸೆಂಟಿಮೀಟರು ಓದಿ ಹೇಳಿದೆ.
ಕಿವಿಗೆ ಹಾಕಿಕೊಳ್ಳಲಿಲ್ಲ.
ಒಂದೊಂದರ ಬೆನ್ನಿಗೂ ದಾರ ಹಿಡಿದಳು,
ದರ್ಜಿ ಮದುಮಗನ ತೋಳು ಅಳೆದ ಹಾಗೆ.
ಹನ್ನೊಂದರಲ್ಲಿ ಏಳು ಅಲ್ಲೇ ಉದುರಿದವು.

ಆಮೇಲೆ ಎತ್ತಿ ನೋಡುವುದು.
ಅವಳ ಕಟ್ಟಡದಲ್ಲಿ ಮೆಟ್ಟಿಲು ಎಲ್ಲರದೂ,
ಗುಡಿಸುವ ಸರದಿ ವಾರಕ್ಕೊಬ್ಬರದು,
ಐವತ್ತೆರಡು ಮೆಟ್ಟಿಲು, ನಡುವೆ ಒಂದು ಮುರುಕು.
ಹುಡುಗ ಕ್ಯಾಲಮ್ ದುಬಾರಿಯದನ್ನು ತಳ್ಳಿಕೊಂಡು ಬಂದ:
ಮುಂದೆ ದೀಪ, ಹಿಡಿಕೆಯಲ್ಲಿ ಪುಟ್ಟ ಪರದೆ.
ಒಂದು ಕೈಯಲ್ಲಿ ಎತ್ತಿದಳು. ಇಳಿಸಿದಳು.
ಮೂಗಿಗಿಂತ ಮೂಗುತಿ ಭಾರ
ಎನ್ನುವಂಥ ಮುಖ.

"ಸದ್ದು?"
ಎಪ್ಪತ್ತೆರಡು ಡೆಸಿಬೆಲ್, ಎಂದೆ.
"ಅದು ಯಾವೂರ ಭಾಷೆಯೋ!
ನನ್ನ ಕೆಳಗೆ ವಾಯ್ಚೆಕ್ ಮಲಗಿರುತ್ತಾನೆ,
ರಾತ್ರಿಯಿಡೀ ಬೇಕರಿಯಲ್ಲಿ ಬನ್ನು ಸುಟ್ಟು ಬಂದವನು.
ಇದು ಓಡಬೇಕಾದದ್ದು ಅವನ ನಿದ್ದೆಯ ಮೇಲೆ.
ಎಚ್ಚರವಾಗುತ್ತದೋ ಇಲ್ಲವೋ, ಅಷ್ಟು ಹೇಳು."
ಅದಕ್ಕೆ ಚೀಟಿಯಲ್ಲಿ ಅಂಕಿ ಇರಲಿಲ್ಲ.

ಅಳೆದು ಸುರಿದು, ಉಳಿದವು ಎರಡು.

ಪರೀಕ್ಷೆಯ ಕಾರ್ಪೆಟ್ಟಿನ ಮೇಲೆ ನಾವು ಓಟ್ಸ್ ಚೆಲ್ಲುತ್ತೇವೆ.
ಓಟ್ಸ್ ಒಳ್ಳೆಯ ಮಗು, ಕರೆದರೆ ಬರುತ್ತದೆ.
ಎಂಥ ಯಂತ್ರವೂ ಪಾಸು. ವ್ಯಾಪಾರದ ಗುಟ್ಟು ಇದು.
ನಾನು ಡಬ್ಬಿಯ ಮುಚ್ಚಳ ತಿರುಗಿಸುವಷ್ಟರಲ್ಲಿ
ಅವಳು ಲಕೋಟೆ ತೆಗೆದಳು,
ಕರೆಂಟು ಬಿಲ್ಲು ಬಂದಿದ್ದ ಕಂದು ಲಕೋಟೆ.
"ಇದು ನಮ್ಮ ಮನೆಯದು," ಎಂದು
ಕೇಕಿಗೆ ಸಕ್ಕರೆ ಉದುರಿಸುವವಳಂತೆ ಉದುರಿಸಿದಳು.

ಟೋಸ್ಟಿನ ಪುಡಿ. ಬೂದುಬಣ್ಣದ ನೂಲು.
ಬಿಳಿ ಕೂದಲು, ಅದಕ್ಕೆ ಸುತ್ತಿಕೊಂಡ ಇನ್ನೊಂದು, ಕೆಂಪು,
ನಾಯಿಯದೋ ಮನುಷ್ಯರದೋ, ಕೇಳಲಿಲ್ಲ.
ಜೂನ್ ತಿಂಗಳಲ್ಲೂ ಕ್ರಿಸ್‌ಮಸ್ ಮರದ ಒಂದು ಸೂಜಿ.
ಮತ್ತೆ ಹಸಿರು ಚಮಕಿ, ಒಂದೇ ಒಂದು.

ಮೊದಲನೆಯದು ಆರ್ಭಟಿಸಿ ಬಹುಪಾಲು ನುಂಗಿತು.
ಸೂಜಿಯನ್ನೂ ಚಮಕಿಯನ್ನೂ ದಾಟಿಕೊಂಡು ಹೋಯಿತು,
ಗುರುತಿದ್ದೂ ಮಾತಾಡಿಸದವರ ಹಾಗೆ.

ಎರಡನೆಯದು ಸಾಲಿನ ಕೊನೆಯ ಗಿಡ್ಡ,
ಹೋದ ವರ್ಷದ್ದು, ಬೆಲೆಯ ಮೇಲೆ ಕೆಂಪು ಗೀರು.
ತನ್ನಷ್ಟಕ್ಕೆ ಗೊಣಗುತ್ತ ಹೋಯಿತು, ಬಂತು.
ಗಾಜಿನಂಥ ಡಬ್ಬಿಯೊಳಗೆ ಚಮಕಿ
ಗಿರಗಿರ ತಿರುಗಿ ಗೋಡೆಗೆ ಬಡಿದು ಟಿಕ್ ಟಿಕ್ ಟಿಕ್.

ಯಾವ ಲಂಗದ್ದು, ಯಾವ ಸಂಜೆಯದು, ಹೇಳಲಿಲ್ಲ.
ಬೂಟಿನೊಳಗೆ ಅವಳ ಹೆಬ್ಬೆರಳು ತಾಳ ಹಾಕಿತೆಂದು
ಕ್ಯಾಲಮ್ ಇಂದಿಗೂ ಆಣೆ ಇಡುತ್ತಾನೆ.
ಬೂಟಿನೊಳಗಿನದು ಅವನಿಗೆ ಹೇಗೆ ಕಂಡಿತೋ.

"ಇದೇ," ಎಂದಳು.
ಒಳಗಿನಿಂದ ಹೊಸದು ತರಿಸುತ್ತೇನೆ, ಎಂದೆ.
"ಹೊಸದು ಬೇಡ, ಇದೇ. ಡಬ್ಬಿ ಖಾಲಿ ಮಾಡಬೇಡ."
ಪರ್ಸು ಬಿಚ್ಚುತ್ತ, "ಬಳಸಿದ್ದಲ್ಲವೆ,
ಹತ್ತು ಪೌಂಡ್ ಇಳಿಸು."
ಇಳಿಸಿದೆ.

ಬೀದಿಯ ಏರಿನಲ್ಲಿ ಅದನ್ನು ಉರುಳಿಸಿಕೊಂಡು ಹೋದಳು,
ಬಸ್ಸಿಗೆ ಕಾಯದೆ.

ಮೊದಲನೆಯದು ಇನ್ನೂ ನನ್ನ ಅಂಗಡಿಯಲ್ಲೇ ಇದೆ.
ಅದರ ಡಬ್ಬಿಯನ್ನು ನಾನೂ ಖಾಲಿ ಮಾಡಿಲ್ಲ,
ಕೇಳಿದರೆ ಕಾರಣ ಗೊತ್ತಿಲ್ಲ.
ಗಿರಾಕಿಗಳು ಬಗ್ಗಿ ನೋಡುತ್ತಾರೆ:
ಒಳಗಿರುವುದೇನು?

ಓಟ್ಸ್, ಎನ್ನುತ್ತೇನೆ.